ಒಂದೇ ತೋಟದಲ್ಲಿ ದೊಡ್ಡ ನಾಯಿಯನ್ನೂ ಸಣ್ಣ ನಾಯಿಯನ್ನೂ ಸಾಕುವ ಕ್ರಮ

ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳಲ್ಲಿ ಊರಿನ ಹೊರಗೆ ಹೊಲ ತೋಟಗಳಲ್ಲಿಯೇ ಮನೆಯನ್ನು ಕಟ್ಟಿಕೊಂಡು ಬೇಸಾಯ ಮಾಡುವ ಒಕ್ಕಲುಗಳು ಅನೇಕವಾಗಿವೆ. ಇಂತಹ ಮನೆಗಳಿಗೆ ನಾಯಿಯೇ ಕಾವಲು. ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟ, ಕಾವೇರಿ ನದಿಯ ದಡದ ಕಾಡುಗಳು ಈ ತಾಲ್ಲೂಕುಗಳಿಗೆ ಅಂಟಿಕೊಂಡಿರುವುದರಿಂದ ಕುರಿ ಮೇಕೆಗಳಿಗೆ ಚಿರತೆಯ ಭಯವೂ, ರಾಗಿ, ಮುಸುಕಿನ ಜೋಳ, ಕಬ್ಬುಗಳಿಗೆ ಕಾಡುಹಂದಿಯ ಕಾಟವೂ ತಪ್ಪಿದ್ದಲ್ಲ. ಆದುದರಿಂದ ಜಮೀನುದಾರರು ಬಲವಾದ ದೊಡ್ಡ ನಾಯಿಯೊಂದನ್ನು ಸಾಕುವುದು ಹಿಂದಿನಿಂದಲೂ ನಡೆದುಬಂದ ಪದ್ಧತಿ. ಈಚಿನ ವರ್ಷಗಳಲ್ಲಿ ಮೈಸೂರು, ಬೆಂಗಳೂರುಗಳಲ್ಲಿರುವ ಮಕ್ಕಳು ಮೊಮ್ಮಕ್ಕಳು ತಂದು ಬಿಡುವ ಸಣ್ಣ ಜಾತಿಯ ನಾಯಿಗಳೂ ಇದೇ ಅಂಗಳವನ್ನು ಸೇರುತ್ತಿವೆ.

ಇವೆರಡೂ ಒಟ್ಟಿಗಿದ್ದರೆ ಪ್ರಯೋಜನವುಂಟು. ಆದರೆ ತಿಂಗಳುಗಟ್ಟಲೆ ಒಂದೇ ಜಗಲಿಯ ಮೇಲೆ ಮಲಗಿದ್ದ ದೊಡ್ಡ ನಾಯಿಯು ಒಂದು ದಿನ ಕ್ಷಣಮಾತ್ರದಲ್ಲಿ ಸಣ್ಣ ನಾಯಿಯನ್ನು ಕೊಂದುಹಾಕುವ ಪ್ರಸಂಗವೂ ಉಂಟು. ಆಗ ಮನೆಯವರು ದೊಡ್ಡದಕ್ಕೆ ಹುಚ್ಚು ಹಿಡಿಯಿತೆಂದೋ, ಅದರ ಗುಣ ಕೆಟ್ಟಿತೆಂದೋ ಬಗೆದು ಅದನ್ನು ಹೊಡೆದು ಹಾಕಿಸುವುದನ್ನೂ, ದೂರ ಒಯ್ದು ಬಿಟ್ಟುಬರುವುದನ್ನೂ ಕಾಣಬಹುದು. ಹೀಗಾದರೆ ಎರಡು ನಾಯಿಗಳೂ ನಷ್ಟವಾಗುವುವಲ್ಲದೆ ಮಂದೆಗೆ ಕಾವಲೂ ಇಲ್ಲದಂತಾಗುತ್ತದೆ. ವಾಸ್ತವವಾಗಿ ಇಂತಹ ಅನಾಹುತಕ್ಕೆ ಸಾಮಾನ್ಯ ಕಾರಣವು ನಾಯಿಯ ದುಷ್ಟತನವಲ್ಲ. ಗಾತ್ರದಲ್ಲಿರುವ ಅಂತರವನ್ನು ಯಜಮಾನನು ಲೆಕ್ಕಕ್ಕೆ ತೆಗೆದುಕೊಳ್ಳದಿರುವುದೇ ಕಾರಣ. ಸಮಾನ ಗಾತ್ರದ ಎರಡು ನಾಯಿಗಳು ಕಚ್ಚಾಡಿದರೆ ಕಿವಿ ಹರಿಯಬಹುದು. ಅಸಮಾನ ಗಾತ್ರದವು ಕಚ್ಚಾಡಿದರೆ ಒಂದೇ ಹಿಡಿತದಲ್ಲಿ ಪ್ರಾಣ ಹೋಗುವುದು. ಈ ಅಂತರವನ್ನು ಅನುಸರಿಸಿ ಆಹಾರ, ಸ್ಥಳ, ಕಾವಲುಗಳನ್ನು ಏರ್ಪಡಿಸಿದಲ್ಲಿ ಎರಡನ್ನೂ ಕ್ಷೇಮವಾಗಿ ಸಾಕಬಹುದು. ಅದರ ಕ್ರಮವನ್ನು ಈ ಕೆಳಗೆ ವಿವರಿಸಲಾಗಿದೆ.

೧. ಎರಡು ಬಗೆಯ ನಾಯಿಗಳ ಉಪಯೋಗ

ದೊಡ್ಡ ನಾಯಿಯ ಗುಣ ಬಲ. ಸಣ್ಣ ನಾಯಿಯ ಗುಣ ಎಚ್ಚರ. ಹಗಲೆಲ್ಲ ಮಂದೆಯ ಹಿಂದೆ ತಿರುಗಿದ ದೊಡ್ಡ ನಾಯಿಯು ರಾತ್ರಿ ಗಾಢವಾಗಿ ನಿದ್ರಿಸುವುದುಂಟು. ಮನೆಯೊಳಗಿರುವ ಸಣ್ಣ ನಾಯಿಯಾದರೋ ಸ್ವಲ್ಪ ಸಪ್ಪಳವಾದರೂ ಬೊಗಳಿ ಎಬ್ಬಿಸುವುದು. ಒಂದು ಕೂಗಿ ಎಚ್ಚರಿಸಲು, ಇನ್ನೊಂದು ಎದುರು ನಿಲ್ಲಲು ಹೀಗೆ ಎರಡೂ ಒಂದಕ್ಕೊಂದು ಪೂರಕವಾಗಿವೆ.

ಈ ವಿಭಾಗವನ್ನು ಬಹುಕಾಲದಿಂದ ಅನುಸರಿಸಿದವರು ಟಿಬೆಟ್ಟಿನ ಜನರು. ಹನೂರು ತಾಲ್ಲೂಕಿನ ಒಡೆಯರಪಾಳ್ಯದಲ್ಲಿ ೧೯೭೦ರ ದಶಕದಿಂದ ನೆಲಸಿರುವ ಟಿಬೆಟನ್ನರ ಮೂಲ ದೇಶದಲ್ಲಿ, ಮ್ಯಾಸ್ಟಿಫ್ ಎಂಬ ಭಾರಿ ನಾಯಿಯನ್ನು ಹೆಬ್ಬಾಗಿಲಲ್ಲಿ ಕಟ್ಟುವುದೂ, ಲಾಸಾ ಆಪ್ಸೊ ಎಂಬ ಉದ್ದ ಕೂದಲಿನ ಚಿಕ್ಕ ನಾಯಿಯನ್ನು ಮನೆ, ಮಠಗಳ ಒಳಗೆ ಇರಿಸುವುದೂ ವಾಡಿಕೆಯಾಗಿತ್ತು. ಇಲ್ಲಿ ಗಮನಿಸತಕ್ಕ ವಿಷಯವೇನೆಂದರೆ, ಅವೆರಡಕ್ಕೂ ಕೆಲಸವು ಬೇರೆಯಾಗಿದ್ದಂತೆ ಸ್ಥಳವೂ ಬೇರೆಯಾಗಿತ್ತು. ಒಂದು ಬಾಗಿಲ ಹೊರಗೆ, ಇನ್ನೊಂದು ಬಾಗಿಲ ಒಳಗೆ. ನಮ್ಮ ಕಡೆಯ ತೋಟದ ಮನೆಗಳಲ್ಲಿ ಇವೆರಡನ್ನೂ ಒಂದೇ ಅಂಗಳದಲ್ಲಿ ಬಿಟ್ಟು, ಒಂದೇ ತಟ್ಟೆಯಲ್ಲಿ ಉಣಬಡಿಸುವುದರಿಂದಲೇ ತೊಂದರೆಯು ಮೊದಲಾಗುತ್ತದೆ.

೨. ಅಪಾಯದ ಕಾರಣ

ದೊಡ್ಡ ನಾಯಿಗಳಲ್ಲಿ ಹಲವು ಜಾತಿಗಳು ಬೇಟೆಗಾಗಿಯೇ ತಲೆತಲಾಂತರದಿಂದ ಆರಿಸಿ ಬೆಳೆಸಲ್ಪಟ್ಟವು. ಕರ್ನಾಟಕದ ಪ್ರಸಿದ್ಧವಾದ ಮುಧೋಳದ ನಾಯಿಯನ್ನೇ ನೋಡಬಹುದು. ಗಂಡು ಸುಮಾರು ೬೮ರಿಂದ ೭೨ ಸೆಂಟಿಮೀಟರು ಎತ್ತರವಿರುತ್ತದೆ. ಉದ್ದ ಕಾಲು, ಆಳವಾದ ಎದೆ, ತೆಳು ಹೊಟ್ಟೆ. ಇದು ಮೂಗಿಗಿಂತ ಕಣ್ಣನ್ನು ನಂಬಿ ಬೇಟೆಯಾಡುವ ಜಾತಿ. ದೂರದಲ್ಲಿ ಓಡುವ ಚಿಕ್ಕ ವಸ್ತುವನ್ನು ಕಂಡೊಡನೆ ಅಟ್ಟಿಸಿಕೊಂಡು ಹೋಗುವುದು ಅದರ ರಕ್ತದಲ್ಲಿಯೇ ಇದೆ. ತಮಿಳುನಾಡಿನ ರಾಜಪಾಳಯಂ ನಾಯಿಯೂ ಬೇಟೆಗೆ ಹೆಸರಾದುದೇ. ನಾಟಿ ನಾಯಿಗಳಲ್ಲಿಯೂ ಈ ಸ್ವಭಾವವು ಹೆಚ್ಚು ಕಡಿಮೆಯಾಗಿ ಇದ್ದೇ ಇರುತ್ತದೆ.

ಬೇಟೆಯ ನಾಯಿಯ ಹಿಡಿತವನ್ನು ನಮ್ಮ ಪೂರ್ವಿಕರು ಎಷ್ಟು ಗೌರವಿಸುತ್ತಿದ್ದರೆಂಬುದಕ್ಕೆ ಕಲ್ಲಿನ ಸಾಕ್ಷಿಯೇ ಇದೆ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ, ಹತ್ತನೆಯ ಶತಮಾನದ ನಡುಭಾಗದ ಶಾಸನವು, ಗಂಗರ ಬೂತುಗನ ಸೇವಕನಾದ ಮಣಲೆರನು ರಾಷ್ಟ್ರಕೂಟರ ಮೂರನೆಯ ಕೃಷ್ಣನಿಂದ ಕಾಳಿ ಎಂಬ ನಾಯಿಯನ್ನು ಬೇಡಿ ಪಡೆದುದನ್ನೂ, ಆ ನಾಯಿಯು ದೊಡ್ಡ ಹಂದಿಯೊಂದರೊಡನೆ ಹೋರಾಡಿ ಎರಡೂ ಮಡಿದುದನ್ನೂ, ನಾಯಿಯ ನೆನಪಿಗಾಗಿ ಕಲ್ಲು ನಿಲ್ಲಿಸಿ ಭೂಮಿಯನ್ನು ದತ್ತಿ ಬಿಟ್ಟುದನ್ನೂ ತಿಳಿಸುತ್ತದೆ. ಹಿಡಿದುದನ್ನು ಪ್ರಾಣ ಹೋದರೂ ಬಿಡದಿರುವುದು ಕಾಡಿನಲ್ಲಿ ನಾಯಿಗೆ ಭೂಷಣ. ಆದರೆ ಅದೇ ಹಿಡಿತವು ಮನೆಯಂಗಳದಲ್ಲಿ ಸಣ್ಣ ನಾಯಿಯ ಕುತ್ತಿಗೆಯ ಮೇಲೆ ಬಿದ್ದರೆ ಫಲವು ಬೇರೆಯಾಗುತ್ತದೆ.

ಅನಾಹುತವು ಸಾಮಾನ್ಯವಾಗಿ ಹೀಗೆ ನಡೆಯುತ್ತದೆ. ಎರಡೂ ಆಟವಾಡುತ್ತಿರುತ್ತವೆ. ಸಣ್ಣ ನಾಯಿಯು ನೋವಿನಿಂದಲೋ ಭಯದಿಂದಲೋ ಕಿರಿಚಿ ಓಡುತ್ತದೆ. ಆ ಕೀಚಲು ಧ್ವನಿಯೂ ಆ ಓಟವೂ ದೊಡ್ಡದರ ಬೇಟೆಯ ಸ್ವಭಾವವನ್ನು ಕೆರಳಿಸುತ್ತವೆ. ಆ ಕ್ಷಣದಲ್ಲಿ ಅದರ ಕಣ್ಣಿಗೆ ಜೊತೆಗಾರ ನಾಯಿಯು ಕಾಣದೆ ಓಡುವ ಮೊಲವೇ ಕಾಣುತ್ತದೆ. ಅದು ಹಿಡಿದು, ಎತ್ತಿ, ಕೊಡವುತ್ತದೆ. ೨೫ ಕಿಲೋಗ್ರಾಂ ತೂಕದ ನಾಯಿಯು ೫ ಕಿಲೋಗ್ರಾಂ ತೂಕದ್ದನ್ನು ಕೊಡವಿದರೆ ಬೆನ್ನುಮೂಳೆ ಮುರಿಯಲು ಎರಡನೆಯ ಸಲ ಬೇಕಿಲ್ಲ. ಒಂದಕ್ಕಿಂತ ಹೆಚ್ಚು ದೊಡ್ಡ ನಾಯಿಗಳಿದ್ದಲ್ಲಿ ಅಪಾಯವು ಇನ್ನೂ ಹೆಚ್ಚು. ಒಂದು ಹಿಡಿದರೆ ಉಳಿದವು ಗುಂಪುಗೂಡಿ ಮೇಲೆ ಬೀಳುತ್ತವೆ. ಇದರಿಂದ ತಿಳಿಯತಕ್ಕದ್ದೇನೆಂದರೆ, “ಇದುವರೆಗೆ ಏನೂ ಮಾಡಿಲ್ಲ” ಎಂಬ ನಂಬಿಕೆಯು ಕಾವಲಲ್ಲ.

ಸಣ್ಣ ನಾಯಿಯ ತಪ್ಪೂ ಇಲ್ಲದಿಲ್ಲ. ಅದು ದೊಡ್ಡದರ ತಟ್ಟೆಗೆ ಬಾಯಿ ಹಾಕಿದರೂ, ಮೂತಿಗೆ ಹಾರಿ ಕಚ್ಚಿದರೂ ಮನೆಯವರು ನಕ್ಕು ಸುಮ್ಮನಾಗುತ್ತಾರೆ. ದೊಡ್ಡದು ಒಮ್ಮೆ ಗುರ್ರೆಂದರೆ ಮಾತ್ರ ದೊಣ್ಣೆ ಎತ್ತುತ್ತಾರೆ. ಗುರುಗುಟ್ಟುವುದು ನಾಯಿಯು ಕೊಡುವ ಎಚ್ಚರಿಕೆ. ಅದನ್ನು ಹೊಡೆದು ನಿಲ್ಲಿಸಿದರೆ ನಾಯಿಯು ಎಚ್ಚರಿಕೆ ಕೊಡದೆಯೇ ಕಚ್ಚುವುದನ್ನು ಕಲಿಯುತ್ತದೆ. ಶಿಕ್ಷಣವು ಎರಡಕ್ಕೂ ಸಮನಾಗಿರತಕ್ಕದ್ದು.

೩. ಮರಿಯನ್ನು ಆರಿಸುವುದು

ಮೂರನೆಯ ವಾರದಿಂದ ಸುಮಾರು ಹದಿನಾಲ್ಕನೆಯ ವಾರದವರೆಗಿನ ಕಾಲದಲ್ಲಿ ಮರಿಯು ಕಂಡ ಜೀವಿಗಳನ್ನು ತನ್ನವರೆಂದು ಒಪ್ಪಿಕೊಳ್ಳುತ್ತದೆ. ಈ ವಯಸ್ಸಿನಲ್ಲಿ ದೊಡ್ಡ ಜಾತಿಯ ಮರಿಗೆ ಸಣ್ಣ ನಾಯಿ, ಕುರಿ, ಕೋಳಿ, ಮನೆಯ ಮಕ್ಕಳು ಇವರೆಲ್ಲರ ಪರಿಚಯವನ್ನೂ ಶಾಂತವಾಗಿ ಮಾಡಿಸಬೇಕು. ಆದರೂ ಎಂಟು ವಾರ ತುಂಬುವ ಮೊದಲು ಮರಿಯನ್ನು ತಾಯಿಯಿಂದ ಅಗಲಿಸಕೂಡದು. ಎಷ್ಟು ಬಲವಾಗಿ ಕಚ್ಚಿದರೆ ನೋವಾಗುವುದೆಂಬುದನ್ನು ಅದು ತಾಯಿಯಿಂದಲೂ ಒಡಹುಟ್ಟಿದ ಮರಿಗಳಿಂದಲೂ ಕಲಿಯತಕ್ಕದ್ದಿದೆ.

ಸಂತೆ, ಜಾತ್ರೆಗಳಲ್ಲಿ ಗೋಣಿಯಲ್ಲಿ ತುಂಬಿ ತಂದು ಮಾರುವ ಮರಿಗಳನ್ನು ಕೊಳ್ಳುವುದು ಹಿತವಲ್ಲ. ಅವುಗಳ ತಾಯಿತಂದೆಗಳ ಗುಣವೂ ತಿಳಿಯದು, ರೋಗವೂ ತಿಳಿಯದು. ಮುಧೋಳದ ಮರಿ ಬೇಕಾದವರಿಗೆ ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ, ಬೀದರದ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವಿದೆ. ಆದರೆ ಸಣ್ಣ ನಾಯಿಯು ಮೊದಲೇ ಇರುವ ಮನೆಗೆ, ಮೊಲದ ಬೇಟೆಯಲ್ಲಿ ಪಳಗಿದ ದೊಡ್ಡ ನಾಯಿಯನ್ನು ಎಷ್ಟೇ ಅಗ್ಗವಾಗಿ ದೊರೆತರೂ ತರಬಾರದು.

೪. ಪರಿಚಯ ಮಾಡಿಸುವ ವಿಧಾನ

ಹೊಸ ನಾಯಿಯನ್ನು ತಂದ ದಿನವೇ ಹಳೆಯ ನಾಯಿಯ ಮುಂದೆ ಬಿಡುವುದು ದೊಡ್ಡ ತಪ್ಪು. ಮೊದಲು ಕೆಲವು ದಿನ ಎರಡನ್ನೂ ಬೇರೆ ಬೇರೆ ಕಡೆ ಇಟ್ಟು, ಒಂದರ ಹಾಸುಗೋಣಿಯನ್ನು ಇನ್ನೊಂದಕ್ಕೆ ಹಾಸಿ, ವಾಸನೆಯ ಬಳಕೆಯನ್ನು ಮಾಡಿಸತಕ್ಕದ್ದು. ಬಳಿಕ ಮನೆಯಂಗಳದಲ್ಲಲ್ಲದೆ, ಎರಡಕ್ಕೂ ಸ್ವಂತವಲ್ಲದ ಕಾಲುವೆಯ ಏರಿಯಲ್ಲಿಯೋ ಬಯಲಿನಲ್ಲಿಯೋ ಇಬ್ಬರು ಒಂದೊಂದನ್ನು ಹಗ್ಗದಲ್ಲಿ ಹಿಡಿದು, ಹತ್ತು ಹದಿನೈದು ಮಾರು ಅಂತರದಲ್ಲಿ, ಒಂದೇ ದಿಕ್ಕಿಗೆ ಜೊತೆಯಾಗಿ ನಡೆಸಬೇಕು. ಎದುರೆದುರಾಗಿ ತಂದು ನಿಲ್ಲಿಸಕೂಡದು. ಎರಡೂ ಒಂದನ್ನೊಂದು ದಿಟ್ಟಿಸದೆ ನೆಲ ಮೂಸುತ್ತ ನಡೆಯುವಂತಾದ ಮೇಲೆ ದಿನದಿನಕ್ಕೆ ಅಂತರವನ್ನು ಕಡಿಮೆ ಮಾಡುತ್ತ ಬರಬೇಕು.

ಮೂರನೆಯ ಹಂತದಲ್ಲಿ ಬಿದಿರಿನ ತಟ್ಟಿಯನ್ನೋ ತಂತಿಬಲೆಯನ್ನೋ ನಡುವೆ ಇಟ್ಟು ಅಂಗಳದಲ್ಲಿ ಪರಸ್ಪರ ನೋಡಗೊಡಬೇಕು. ಕೊನೆಗೆ ದೊಡ್ಡದಕ್ಕೆ ಉದ್ದ ಹಗ್ಗವನ್ನು ಕಟ್ಟಿ, ಹಗ್ಗದ ತುದಿಯನ್ನು ಹಿಡಿದುಕೊಂಡೇ, ಐದು ನಿಮಿಷ, ಹತ್ತು ನಿಮಿಷಗಳಂತೆ ಜೊತೆಗೂಡಿಸಬೇಕು. ಸಂಶಯವಿದ್ದಲ್ಲಿ ದೊಡ್ಡದಕ್ಕೆ ಬಾಯಿಕುಕ್ಕೆಯನ್ನು ಹಾಕುವುದು ಕ್ಷೇಮ. ಆ ಕುಕ್ಕೆಯು ನಾಯಿಯು ಬಾಯಿ ತೆರೆದು ನಾಲಗೆ ಚಾಚಿ ಉಸಿರಾಡುವಷ್ಟು, ನೀರು ಕುಡಿಯುವಷ್ಟು ಸಡಿಲವಾದ ಬುಟ್ಟಿಯಂತಿರಬೇಕು. ಮೂತಿಯನ್ನು ಹಗ್ಗದಿಂದ ಬಿಗಿದರೆ ಬಿಸಿಲಿನಲ್ಲಿ ನಾಯಿಯು ಕಾವೇರಿ ಸಾಯಬಹುದು. ಈ ಎಲ್ಲ ಹಂತಗಳಿಗೆ ಎರಡರಿಂದ ನಾಲ್ಕು ವಾರಗಳು ಹಿಡಿಯುವುದು ಸಾಮಾನ್ಯ. ಕೆಲವು ನಾಯಿಗಳು ಎಂದಿಗೂ ಹೊಂದಿಕೊಳ್ಳವು. ಅಂತಹವನ್ನು ಬಲವಂತದಿಂದ ಕೂಡಿಸದೆ ಶಾಶ್ವತವಾಗಿ ಬೇರೆ ಇರಿಸುವುದೇ ವಿವೇಕ.

ಆಟಕ್ಕೂ ಅಪಾಯಕ್ಕೂ ಇರುವ ವ್ಯತ್ಯಾಸವನ್ನು ಮನೆಯವರೆಲ್ಲರೂ, ಮುಖ್ಯವಾಗಿ ಆಳುಮಕ್ಕಳು, ಅರಿತಿರಬೇಕು. ಆಡುವ ನಾಯಿಯ ಮೈ ಸಡಿಲವಾಗಿರುತ್ತದೆ. ಮುಂಗಾಲುಗಳನ್ನು ನೆಲಕ್ಕೆ ಚಾಚಿ ಹಿಂಭಾಗವನ್ನು ಎತ್ತುತ್ತದೆ. ದೊಡ್ಡದು ತಾನಾಗಿ ಕೆಳಗೆ ಉರುಳಿ ಸಣ್ಣದಕ್ಕೆ ಸರದಿ ಕೊಡುತ್ತದೆ. ಅಪಾಯದ ಗುರುತುಗಳಾದರೋ ಬೇರೆ. ಮೈ ಸೆಟೆಯುವುದು, ಬಾಯಿ ಮುಚ್ಚಿಕೊಳ್ಳುವುದು, ರೆಪ್ಪೆ ಹೊಡೆಯದೆ ದಿಟ್ಟಿಸುವುದು, ತಲೆ ತಗ್ಗಿಸಿ ಸದ್ದಿಲ್ಲದೆ ಹಿಂಬಾಲಿಸುವುದು, ಬೆನ್ನಿನ ಕೂದಲು ನಿಗುರುವುದು ಇವು ಕಂಡೊಡನೆ ದೊಡ್ಡದನ್ನು ಕರೆದು ಬೇರ್ಪಡಿಸಬೇಕು. ಬಾಲವನ್ನು ಆಡಿಸುತ್ತಿದೆಯೆಂಬುದರಿಂದಲೇ ಸ್ನೇಹವೆಂದು ತಿಳಿಯಲಾಗದು; ಬಾಲವನ್ನು ಎತ್ತಿ ಬಿಗಿಯಾಗಿ ಆಡಿಸುವ ನಾಯಿಯೂ ಕಚ್ಚುತ್ತದೆ. ಸಣ್ಣ ನಾಯಿಯನ್ನು ಥಟ್ಟನೆ ಕಂಕುಳಿಗೆ ಎತ್ತಿಕೊಳ್ಳುವುದೂ ಸರಿಯಲ್ಲ. ಮೇಲಕ್ಕೆ ಹೋದ ವಸ್ತುವಿಗೆ ದೊಡ್ಡದು ಹಾರುತ್ತದೆ. ಎತ್ತಿಕೊಂಡವರ ಕೈ ಮುಖಗಳಿಗೂ ಗಾಯವಾಗುವುದುಂಟು.

೫. ಆಹಾರದ ಏರ್ಪಾಡು

ನಾಯಿಗಳ ಜಗಳಕ್ಕೆ ಆಹಾರವು ಬಹು ಸಾಮಾನ್ಯವಾದ ಕಾರಣ. ಎರಡಕ್ಕೂ ಬೇರೆ ಬೇರೆ ತಟ್ಟೆಗಳಲ್ಲಿ, ನಡುವೆ ಬಾಗಿಲನ್ನು ಮುಚ್ಚಿ, ಒಂದೇ ಹೊತ್ತಿಗೆ ಹಾಕುವುದು ಉತ್ತಮ. ತಿಂದಾದ ಮೇಲೆ ತಟ್ಟೆಗಳನ್ನು ತೆಗೆದಿಟ್ಟು, ಬಳಿಕ ಬಾಗಿಲನ್ನು ತೆರೆಯಬೇಕು. ಮನೆಯಲ್ಲಿ ಮಾಂಸದಡಿಗೆಯಾದ ದಿನ ಮೂಳೆಗಳನ್ನು ಅಂಗಳಕ್ಕೆ ಎಸೆಯುವ ಪದ್ಧತಿಯನ್ನು ಬಿಡತಕ್ಕದ್ದು. ಬೇಯಿಸಿದ ಮೂಳೆಯು ಸೀಳಿ ಗಂಟಲು ಕರುಳುಗಳಿಗೆ ಚುಚ್ಚುವುದಲ್ಲದೆ, ಒಂದು ಮೂಳೆಗಾಗಿ ಸಣ್ಣ ನಾಯಿಯ ಪ್ರಾಣವೂ ಹೋಗಬಹುದು. ಹಬ್ಬ, ಪರ, ಮದುವೆಗಳ ಊಟದ ಎಲೆಗಳನ್ನು ಹಾಕುವ ಜಾಗಕ್ಕೂ ಎರಡನ್ನೂ ಒಟ್ಟಿಗೆ ಬಿಡಬಾರದು.

ರಾಗಿಯ ಅಂಬಲಿ, ಮುದ್ದೆ, ಅನ್ನ ಇವು ಹೊಟ್ಟೆ ತುಂಬಿಸುತ್ತವೆ. ಆದರೆ ಇವುಗಳಿಂದ ಮಾತ್ರ ನಾಯಿಯು ಬಲವಾಗದು. ಮೊಟ್ಟೆ, ಮಾಂಸ, ಮೀನು, ಹಾಲು, ಮಜ್ಜಿಗೆಗಳಲ್ಲಿ ಒಗ್ಗಿದುದನ್ನು ಸೇರಿಸಬೇಕು. ಹಸಿದ ನಾಯಿಯು ಜಗಳಗಂಟಿಯಾಗುವುದು ಸಹಜ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕೊಲೇಟುಗಳು ನಾಯಿಗೆ ವಿಷ. ದೊಡ್ಡದಕ್ಕೆ ಹೊಟ್ಟೆ ಕೆಡಿಸುವಷ್ಟು ಪ್ರಮಾಣವು ಸಣ್ಣದಕ್ಕೆ ಪ್ರಾಣಾಪಾಯವಾಗಬಹುದೆಂಬುದನ್ನು ನೆನಪಿನಲ್ಲಿಡಬೇಕು.

೬. ಇರುವ ಸ್ಥಳ ಮತ್ತು ರಾತ್ರಿಯ ಕಾವಲು

ನೋಡಿಕೊಳ್ಳುವವರು ಇಲ್ಲದಾಗ ಎರಡನ್ನೂ ಒಟ್ಟಿಗೆ ಬಿಡಕೂಡದು. ಇದು ಈ ವಿಷಯದಲ್ಲಿ ಮುಖ್ಯವಾದ ನಿಯಮ. ಮನೆಯವರೆಲ್ಲರೂ ಹೊಲಕ್ಕೆ ಹೋಗುವಾಗ ಒಂದನ್ನು ಒಳಗೆ, ಇನ್ನೊಂದನ್ನು ಹೊರಗೆ ಇರಿಸಬೇಕು. ಅಲ್ಲದೆ ಸಣ್ಣ ನಾಯಿಗೆ ತಪ್ಪಿಸಿಕೊಳ್ಳುವ ದಾರಿಯೊಂದು ಯಾವಾಗಲೂ ಇರಬೇಕು. ಗೋಡೆಯಲ್ಲಿಯೋ ತಟ್ಟಿಯಲ್ಲಿಯೋ ಸಣ್ಣದು ಮಾತ್ರ ನುಸುಳುವಷ್ಟು, ದೊಡ್ಡದರ ತಲೆ ತೂರದಷ್ಟು ಅಳತೆಯ ಕಂಡಿಯನ್ನು ಬಿಟ್ಟರೆ ಸಾಕು. ಖರ್ಚಿಲ್ಲದ ಈ ಉಪಾಯವು ಎಷ್ಟೋ ಪ್ರಾಣಗಳನ್ನು ಉಳಿಸಬಲ್ಲುದು.

ರಾತ್ರಿಯಲ್ಲಿ ಅಪಾಯವು ಬೇರೊಂದು ದಿಕ್ಕಿನಿಂದ ಬರುತ್ತದೆ. ಕಾಡಿನಂಚಿನ ಊರುಗಳಲ್ಲಿ ಚಿರತೆಗೆ ನಾಯಿಯು ಸುಲಭವಾದ ಆಹಾರ. ಅಂಗಳದಲ್ಲಿ ಕಟ್ಟಿದ ಸಣ್ಣ ನಾಯಿಯು ಚಿರತೆಯನ್ನು ಮನೆಯ ಬಾಗಿಲಿಗೆ ಕರೆದಂತೆಯೇ ಸರಿ. ಮನೆಯ ಮಕ್ಕಳು ಮಲಗುವ ಜಗಲಿಯ ಬಳಿ ಹೀಗೆ ಕಟ್ಟುವುದು ಇನ್ನೂ ಕೆಟ್ಟದ್ದು. ಸಣ್ಣ ನಾಯಿಯನ್ನು ಸಂಜೆಯಾದೊಡನೆ ಮನೆಯೊಳಗೆ ಸೇರಿಸಬೇಕು. ದೊಡ್ಡ ನಾಯಿಯೂ ಸರಪಣಿಯಲ್ಲಿ ಕಟ್ಟಲ್ಪಟ್ಟಿದ್ದರೆ ಚಿರತೆಗೆ ಎದುರು ನಿಲ್ಲಲಾರದು, ಓಡಲೂ ಆರದು. ಅದಕ್ಕೆ ಕೊಟ್ಟಿಗೆಗೆ ಹೊಂದಿಕೊಂಡಂತೆ, ಗಟ್ಟಿಯಾದ ಗೋಡೆ, ಮೇಲ್ಛಾವಣಿ, ದಪ್ಪ ತಂತಿಬಲೆಯ ಬಾಗಿಲುಗಳುಳ್ಳ ಗೂಡನ್ನು ಕಟ್ಟಿಸುವುದು ಯೋಗ್ಯ. ನಾಯಿಯು ನೆಟ್ಟಗೆ ನಿಂತು, ತಿರುಗಿ, ಕಾಲು ಚಾಚಿ ಮಲಗುವಷ್ಟು ಅವಕಾಶವಿರಬೇಕು. ಅಲ್ಲಿಂದಲೇ ಅದು ಬೊಗಳಿ ಎಚ್ಚರಿಸುವುದು. ಮೇಲಾಗಿ ಕುರಿಗಳನ್ನೂ ಛಾವಣಿಯಿರುವ ಭದ್ರವಾದ ದೊಡ್ಡಿಯಲ್ಲಿ ಕೂಡುವುದೇ ಸರಿಯಾದ ರಕ್ಷಣೆ.

ಹಿಮಾಲಯದ ಕುರಿಗಾರರು ಚಿರತೆಯ ಹಲ್ಲಿನಿಂದ ನಾಯಿಯ ಗಂಟಲನ್ನು ಕಾಪಾಡಲು ಕಬ್ಬಿಣದ ಮುಳ್ಳುಗಳಿರುವ ಕೊರಳಪಟ್ಟಿಯನ್ನು ಹಾಕುತ್ತಾರೆ. ಇದನ್ನು ಅನುಸರಿಸುವವರು, ಸಣ್ಣ ನಾಯಿಯೊಡನೆ ಇರುವಾಗ ಆ ಪಟ್ಟಿಯನ್ನು ತಪ್ಪದೆ ಬಿಚ್ಚಬೇಕು. ಇಲ್ಲವಾದರೆ ಆಟದಲ್ಲಿಯೇ ಸಣ್ಣದರ ಕಣ್ಣು ಹೋದೀತು.

ದನ ಮೇಯಿಸಲು ಕಾಡಿನ ಕಡೆಗೆ ಹೋಗುವಾಗಲೂ, ರಾತ್ರಿ ಅಟ್ಟಣೆಯಲ್ಲಿ ಬೆಳೆ ಕಾಯುವಾಗಲೂ ಸಣ್ಣ ನಾಯಿಯನ್ನು ಸಂಗಡ ಒಯ್ಯಬಾರದು. ಅದು ಕರಡಿಯನ್ನೋ ಆನೆಯನ್ನೋ ಕೆಣಕಿ, ಹೆದರಿ, ಯಜಮಾನನ ಕಾಲ ಬಳಿಗೇ ಓಡಿಬರುವುದು. ಹಿಂದೆಯೇ ಆ ಮೃಗವೂ ಬರುವುದು.

೭. ಬೆದೆಯ ಕಾಲ

ಹೆಣ್ಣು ನಾಯಿಯು ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ ಬೆದೆಗೆ ಬರುತ್ತದೆ. ಪ್ರತಿ ಸಲವೂ ಸುಮಾರು ಮೂರು ವಾರಗಳ ಕಾಲ ಇರುತ್ತದೆ. ಈ ಅವಧಿಯಲ್ಲಿ ಸೌಮ್ಯವಾದ ನಾಯಿಗಳೂ ಜಗಳವಾಡುತ್ತವೆ. ಇದಕ್ಕಿಂತ ಹೆಚ್ಚಿನ ಅಪಾಯವೆಂದರೆ ದೊಡ್ಡ ಗಂಡಿನಿಂದ ಸಣ್ಣ ಹೆಣ್ಣು ಗಬ್ಬವಾಗುವುದು. ಕೂಡುವಾಗಲೇ ಸಣ್ಣದಕ್ಕೆ ಪೆಟ್ಟಾಗಬಹುದು. ಸುಮಾರು ೬೩ ದಿನಗಳ ತರುವಾಯ ಮರಿ ಹಾಕುವಾಗ ಮರಿಯು ದೊಡ್ಡದಾಗಿ ಹೊರಬರಲಾರದೆ ತಾಯಿ ಮರಿಗಳೆರಡೂ ಸಾಯುವ ಸಂಭವವಿದೆ. ಆದುದರಿಂದ ಬೆದೆಯ ಕಾಲದಲ್ಲಿ ಹೆಣ್ಣನ್ನು ಬಾಗಿಲು ಹಾಕಿದ ಕೋಣೆಯಲ್ಲಿಯೇ ಇರಿಸತಕ್ಕದ್ದು. ತಳಿಗಾಗಿ ಬೇಡದ ನಾಯಿಗಳಿಗೆ, ಗಂಡಾಗಲಿ ಹೆಣ್ಣಾಗಲಿ, ಪಶುವೈದ್ಯರಿಂದ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ಮಾಡಿಸುವುದು ಶಾಶ್ವತವಾದ ಪರಿಹಾರ. ಮರಿ ಹಾಕಿದ ತಾಯಿಯ ಬಳಿಗೆ, ಗಾತ್ರ ಯಾವುದೇ ಇರಲಿ, ಬೇರೆ ನಾಯಿಯನ್ನು ಬಿಡಕೂಡದು.

೮. ಜಗಳವಾದರೆ ಮಾಡತಕ್ಕದ್ದು

ನಾಯಿಗಳ ಬಾಯಿಯ ನಡುವೆ ಕೈ ಹಾಕಕೂಡದು. ಕೂಗಿ ದೊಣ್ಣೆಯಿಂದ ಬಡಿದರೆ ಹಿಡಿತವು ಬಿಗಿಯಾಗುವುದೇ ಹೆಚ್ಚು. ಕೊಡದ ನೀರನ್ನು ದೊಡ್ಡದರ ಮೂತಿಯ ಮೇಲೆ ರಭಸದಿಂದ ಎರಚುವುದು, ಒದ್ದೆಯಾದ ಗೋಣಿಯನ್ನೋ ಕಂಬಳಿಯನ್ನೋ ಅದರ ತಲೆಯ ಮೇಲೆ ಹಾಕುವುದು, ಎರಡರ ನಡುವೆ ಹಲಗೆಯನ್ನು ತೂರಿಸುವುದು ಇವು ಒಳ್ಳೆಯ ಉಪಾಯಗಳು. ದೊಡ್ಡದು ಕಚ್ಚಿ ಹಿಡಿದಿರುವಾಗ ಸಣ್ಣದನ್ನು ಎಳೆಯಬಾರದು; ಎಳೆದಷ್ಟೂ ಮಾಂಸವು ಹರಿಯುವುದು. ಹಿಡಿತವು ಸಡಿಲವಾದ ಕ್ಷಣದಲ್ಲಿ ದೊಡ್ಡದರ ಹಿಂಗಾಲುಗಳನ್ನು ಹಿಡಿದು ಹಿಂದಕ್ಕೆಳೆದು ಬೇರೆಡೆ ಕೂಡಿಹಾಕಬೇಕು.

ಸಣ್ಣ ನಾಯಿಯ ಮೈಮೇಲೆ ಹಲ್ಲಿನ ಎರಡು ಚಿಕ್ಕ ತೂತುಗಳು ಮಾತ್ರ ಕಾಣುತ್ತಿದ್ದರೂ ಉದಾಸೀನ ಮಾಡಕೂಡದು. ಚರ್ಮವು ಸಡಿಲವಾದುದರಿಂದ ಹಲ್ಲಿನೊಂದಿಗೆ ಜರುಗುತ್ತದೆ; ಒಳಗಿನ ಮಾಂಸವೂ, ಪಕ್ಕೆಲುಬೂ, ಶ್ವಾಸಕೋಶವೂ ಜಜ್ಜಿರಬಹುದು. ಆ ದಿನ ಓಡಾಡಿಕೊಂಡಿದ್ದ ನಾಯಿಯು ಎರಡು ಮೂರು ದಿನಗಳಲ್ಲಿ ಸಾಯುವುದಕ್ಕೆ ಇದೇ ಕಾರಣ. ಅದನ್ನು ಹಲಗೆಯ ಮೇಲೆ ಮಲಗಿಸಿ ಕೂಡಲೆ ಪಶು ಚಿಕಿತ್ಸಾಲಯಕ್ಕೆ ಒಯ್ಯಬೇಕು. ಮನುಷ್ಯರ ನೋವಿನ ಮಾತ್ರೆಗಳನ್ನು ನಾಯಿಗೆ ಕೊಡುವುದು ಅಪಾಯಕರ.

ಬಿಡಿಸಲು ಹೋದವರಿಗೆ ಹಲ್ಲು ತಾಗಿದ್ದರೆ, ಅದು ಮನೆಯ ನಾಯಿಯೇ ಆಗಿದ್ದರೂ, ಗಾಯವನ್ನು ಸೋಪು ಮತ್ತು ಹರಿಯುವ ನೀರಿನಿಂದ ೧೫ ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಕಾರದಪುಡಿ, ಸುಣ್ಣ, ಕಾಫಿಪುಡಿಗಳನ್ನು ಮೆತ್ತಬಾರದು. ರೇಬೀಸಿನ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಬದುಕುವುದು ಇಲ್ಲವೆನ್ನುವಷ್ಟು ಅಪರೂಪ. ಅದಕ್ಕೆ ಮುಂಚೆ ವೈದ್ಯರು ಹೇಳಿದ ದಿನಗಳಲ್ಲಿ ಚುಚ್ಚುಮದ್ದನ್ನು ಪೂರ್ತಿಯಾಗಿ ತೆಗೆದುಕೊಂಡರೆ ರೋಗವನ್ನು ತಡೆಯಬಹುದು. ಕಚ್ಚಿದ ನಾಯಿಯನ್ನು ಕೊಲ್ಲದೆ ಹತ್ತು ದಿನ ಕಟ್ಟಿಹಾಕಿ ನೋಡಿಕೊಳ್ಳಬೇಕು. ನಾಯಿಯು ಕಾರಣವಿಲ್ಲದೆ ಥಟ್ಟನೆ ಸ್ವಭಾವ ಬದಲಾಯಿಸಿ, ಜೊಲ್ಲು ಸುರಿಸುತ್ತ, ಕಂಡದ್ದನ್ನೆಲ್ಲ ಕಚ್ಚುತ್ತಿದ್ದರೆ ಅದನ್ನು ಮುಟ್ಟದೆ ಪಶುವೈದ್ಯರಿಗೆ ತಿಳಿಸತಕ್ಕದ್ದು.

೯. ರೋಗಗಳ ನಿವಾರಣೆ

ಒಟ್ಟಿಗಿರುವ ನಾಯಿಗಳಲ್ಲಿ ಒಂದರ ರೋಗವು ಇನ್ನೊಂದಕ್ಕೆ ತಡವಿಲ್ಲದೆ ಹರಡುತ್ತದೆ. ಡಿಸ್ಟೆಂಪರ್, ಪಾರ್ವೊ ರೋಗಗಳ ವಿರುದ್ಧ ಆರರಿಂದ ಎಂಟನೆಯ ವಾರದಲ್ಲಿ ಲಸಿಕೆಯನ್ನು ಆರಂಭಿಸಿ, ಪಶುವೈದ್ಯರ ಸಲಹೆಯಂತೆ ಹದಿನಾರನೆಯ ವಾರದವರೆಗೆ ಮುಂದುವರಿಸಬೇಕು. ಮೂರು ತಿಂಗಳು ತುಂಬಿದ ಮೇಲೆ ರೇಬೀಸ್ ಲಸಿಕೆಯನ್ನು ಹಾಕಿಸಿ, ವರ್ಷಕ್ಕೊಮ್ಮೆ ಪುನಃ ಹಾಕಿಸತಕ್ಕದ್ದು. ದೊಡ್ಡದಕ್ಕೆ ಮಾತ್ರ ಹಾಕಿಸಿ, ಮನೆಯೊಳಗಿರುವುದೆಂದು ಸಣ್ಣದನ್ನು ಬಿಡುವುದು ತಪ್ಪು.

ಡಿಸ್ಟೆಂಪರ್ ರೋಗವು ನಾಯಿಗಳಿಂದ ಕಾಡಿಗೂ ಹೋಗುತ್ತದೆ. ಆಫ್ರಿಕದ ಸೆರೆಂಗೆಟಿಯಲ್ಲಿ ೧೯೯೪ರಲ್ಲಿ ಸಿಂಹಗಳ ಸುಮಾರು ಮೂರನೆಯ ಒಂದು ಪಾಲು ಈ ರೋಗದಿಂದ ನಾಶವಾಯಿತು. ೨೦೧೮ರಲ್ಲಿ ಗುಜರಾತಿನ ಗಿರ್ ಅರಣ್ಯದಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತಾಗಲೂ ಕೆಲವುಗಳಲ್ಲಿ ಇದೇ ವಿಷಾಣು ಕಂಡುಬಂದಿತು. ಬಿಳಿಗಿರಿರಂಗನ ಬೆಟ್ಟವು ೨೦೧೧ರಿಂದ ಹುಲಿ ಸಂರಕ್ಷಿತ ಪ್ರದೇಶ. ಮಲೆ ಮಹದೇಶ್ವರ ಬೆಟ್ಟವು ೨೦೧೩ರಿಂದ ವನ್ಯಜೀವಿಧಾಮ. ಇಲ್ಲಿನ ಹುಲಿ, ಚಿರತೆ, ಸೀಳುನಾಯಿಗಳ ಕ್ಷೇಮವು ಅಂಚಿನ ಊರುಗಳ ನಾಯಿಗಳ ಲಸಿಕೆಯನ್ನೂ ಅವಲಂಬಿಸಿದೆ.

ಔಷಧದ ಪ್ರಮಾಣವು ತೂಕಕ್ಕೆ ಅನುಸಾರವಾದುದು. ದೊಡ್ಡ ನಾಯಿಯ ಜಂತುಮಾತ್ರೆಯನ್ನು ಅರ್ಧ ಮುರಿದು ಅಂದಾಜಿನಿಂದ ಸಣ್ಣದಕ್ಕೆ ಕೊಡಬಾರದು. ದನಗಳ ಉಣುಗಿಗಾಗಿ ತಂದಿಟ್ಟ ಔಷಧವನ್ನು ನಾಯಿಗೆ ಬಳಸುವುದು ಅತ್ಯಂತ ಅಪಾಯಕರ. ದನದ ಅಳತೆಗೆ ಮಾಡಿದ ಔಷಧದ ಕೆಲವು ತೊಟ್ಟುಗಳೇ ಸಣ್ಣ ನಾಯಿಗೆ ಮಾರಕವಾಗಬಲ್ಲವು. ಉಣುಗುಗಳಿಂದ ನಾಯಿಗೆ ರಕ್ತಹೀನತೆಯ ಜ್ವರಗಳು ಬರುವುದರಿಂದ ಗೂಡಿನ ಬಿರುಕುಗಳನ್ನು ಮೆತ್ತಿ, ಹಾಸುಗೋಣಿಗಳನ್ನು ಆಗಾಗ್ಗೆ ಕುದಿಯುವ ನೀರಿನಲ್ಲಿ ಅದ್ದಿ ಬಿಸಿಲಿಗೆ ಹಾಕಬೇಕು.

೧೦. ಕಾನೂನು ಮತ್ತು ಗ್ರಾಮದ ಮುಖಂಡರ ಹೊಣೆ

೧೯೬೦ನೆಯ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯಿದೆಯಂತೆ ನಾಯಿಯನ್ನು ಅತಿ ಗಿಡ್ಡವಾದ ಅಥವಾ ಅತಿ ಭಾರವಾದ ಸರಪಣಿಯಲ್ಲಿ ಅನುಚಿತವಾಗಿ ದೀರ್ಘಕಾಲ ಕಟ್ಟಿಹಾಕುವುದೂ, ಸದಾ ಕಟ್ಟಿದ ನಾಯಿಗೆ ಓಡಾಟವನ್ನು ಕೊಡದಿರುವುದೂ ಅಪರಾಧ. ಎರಡನ್ನು ಬೇರೆ ಇಡುವುದೆಂದರೆ ಒಂದನ್ನು ಹಗಲಿರುಳು ಕಟ್ಟಿಹಾಕುವುದೆಂದು ತಿಳಿಯಬಾರದು. ಹಾಗೆ ಕಟ್ಟಿದ ನಾಯಿಯು ಬಿಚ್ಚಿದಾಗ ಹೆಚ್ಚು ಉಗ್ರವಾಗಿರುತ್ತದೆ. ಸರದಿಯಂತೆ ಬಿಡುವುದೂ, ಬೆಳಿಗ್ಗೆ ಸಂಜೆ ನಡೆಸುವುದೂ ಅವಶ್ಯ. ೨೦೨೪ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ೨೯೧ನೆಯ 
ಪ್ರಕರಣದಂತೆ, ತನ್ನ ಪ್ರಾಣಿಯಿಂದ ಜನರಿಗೆ ಅಪಾಯವಾಗದಂತೆ ಎಚ್ಚರ ವಹಿಸದ ಯಜಮಾನನು ಆರು ತಿಂಗಳವರೆಗಿನ ಸೆರೆವಾಸಕ್ಕೋ, ಐದು ಸಾವಿರ ರೂಪಾಯಿವರೆಗಿನ ದಂಡಕ್ಕೋ, ಎರಡಕ್ಕೋ ಗುರಿಯಾಗಬಹುದು. ನಾಯಿಯಿಂದ ಮೊಲ, ಹಂದಿ, ಜಿಂಕೆಗಳನ್ನು ಹಿಡಿಸುವುದು ೧೯೭೨ನೆಯ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ವಿರೋಧವಾದುದು. ಅದು ಅಂಗಳದ ಸಣ್ಣ ನಾಯಿಗೂ ಕೇಡು. ಮೊಲದ ರುಚಿ ಕಂಡ ನಾಯಿಗೆ ಅದರ ನೆನಪು ಅಳಿಯದು.

ಗ್ರಾಮದ ಯಜಮಾನರು ಈ ವಿಷಯದಲ್ಲಿ ಮೇಲ್ಪಂಕ್ತಿಯನ್ನು ಹಾಕಿಕೊಡಬಹುದು. ಸೆಪ್ಟೆಂಬರು ೨೮ರಂದು ವಿಶ್ವ ರೇಬೀಸ್ ದಿನ. ಆ ಸುಮಾರಿಗೆ ಪಶುವೈದ್ಯರನ್ನು ಕಂಡು, ಊರಿನ ನಾಯಿಗಳೆಲ್ಲಕ್ಕೂ ಒಂದೇ ದಿನ ಲಸಿಕೆಯಾಗುವಂತೆ ಏರ್ಪಡಿಸಿದರೆ ಊರಿಗೂ ಕಾಡಿಗೂ ಉಪಕಾರ. ಸತ್ತ ದನ ಕುರಿಗಳನ್ನು ಬಯಲಲ್ಲಿ ಎಸೆಯದೆ ಆಳವಾಗಿ ಹೂಳಿಸಬೇಕು. ಅವುಗಳ ಸುತ್ತ ನೆರೆಯುವ ನಾಯಿಗಳ ಹಿಂಡೇ ಸಣ್ಣ ನಾಯಿಗಳಿಗೂ ಕುರಿಮರಿಗಳಿಗೂ ದೊಡ್ಡ ಶತ್ರು. ಅಂತಹ ಹೆಣಕ್ಕೆ ವಿಷ ಬೆರೆಸುವ ದುಷ್ಕೃತ್ಯದ ಫಲವನ್ನು ಈ ಸೀಮೆಯು ಕಂಡಿದೆ. ೨೦೨೫ರ ಜೂನಿನಲ್ಲಿ ಮಲೆ ಮಹದೇಶ್ವರ ವನ್ಯಜೀವಿಧಾಮದ ಹೂಗ್ಯಂ ವಲಯದಲ್ಲಿ ತಾಯಿಹುಲಿಯೊಂದೂ ಅದರ ನಾಲ್ಕು ಮರಿಗಳೂ ವಿಷದ ಹಸುವಿನ ಮಾಂಸವನ್ನು ತಿಂದು ಸತ್ತವು. ಹುಲಿಗೆ ಇಟ್ಟ ವಿಷವು ನಾಯಿಯನ್ನೂ ಬಿಡದು.

೧೧. ನೆನಪಿಡತಕ್ಕ ಅಂಶಗಳು

(೧) ನೋಡಿಕೊಳ್ಳುವವರಿಲ್ಲದೆ ದೊಡ್ಡ ನಾಯಿ, ಸಣ್ಣ ನಾಯಿಗಳನ್ನು ಒಟ್ಟಿಗೆ ಬಿಡಕೂಡದು.

(೨) ಪರಿಚಯವನ್ನು ನಿಧಾನವಾಗಿ, ಹೊರಗಿನ ಬಯಲಿನಲ್ಲಿ, ಹಗ್ಗದಲ್ಲಿ ಹಿಡಿದೇ ಮಾಡಿಸಬೇಕು.

(೩) ತಟ್ಟೆ, ಮೂಳೆ, ಮಲಗುವ ಜಾಗಗಳು ಬೇರೆ ಬೇರೆಯಾಗಿರಬೇಕು.

(೪) ಸಣ್ಣ ನಾಯಿಗೆ ನುಸುಳಿಕೊಳ್ಳುವ ಕಂಡಿಯೊಂದಿರಬೇಕು. ಸಂಜೆಯ ನಂತರ ಅದು ಮನೆಯೊಳಗಿರಬೇಕು.

(೫) ಬೆದೆಯ ಕಾಲದಲ್ಲಿ ಬಾಗಿಲು ಮುಚ್ಚಿದ ಕೋಣೆಯೇ ಕಾವಲು.

(೬) ಲಸಿಕೆ ಎರಡಕ್ಕೂ ಉಂಟು. ಔಷಧದ ಅಳತೆಯು ಒಂದೊಂದಕ್ಕೆ ಬೇರೆ.

(೭) ಚಿಕ್ಕ ಗಾಯವೆಂದು ಕಂಡರೂ ಪಶುವೈದ್ಯರಿಗೆ ತೋರಿಸಬೇಕು.

ಇವುಗಳಲ್ಲಿ ಹೆಚ್ಚಿನವಕ್ಕೆ ಹಣವು ಬೇಕಾಗಿಲ್ಲ. ಒಂದು ಬಿದಿರಿನ ತಟ್ಟಿ, ಎರಡು ತಟ್ಟೆ, ಬಾಗಿಲನ್ನು ಹಾಕುವ ಅಭ್ಯಾಸ ಇಷ್ಟು ಇದ್ದರೆ ಸಾಕು. ಇವನ್ನು ಪಾಲಿಸಿದ ಮನೆಯಲ್ಲಿ ಬಾಗಿಲ ಒಳಗಿನ ಕಿವಿಯೂ ಹೊರಗಿನ ಬಲವೂ ಬಹುಕಾಲ ಉಳಿದು, ಮಂದೆಯೂ ಮನೆಯೂ ಕ್ಷೇಮವಾಗಿರುವುವು.